ಒಂಬತ್ತು ವರ್ಷದ ಮಗುವಿನ ಕೈಗೆ ಇತಿಹಾಸದ ಆಧಾರ

ಚಿಕ್ಕಬಳ್ಳಾಪುರದ ಪಕ್ಕದ ಸ್ಕಂದಗಿರಿಯ ನೆತ್ತಿಯಲ್ಲಿ ಪಾಳುಬಿದ್ದ ಕೋಟೆಗೋಡೆ ಇದೆ. ಬೆಟ್ಟ ಹತ್ತಿ ಬಂದ ಯಾರನ್ನೇ ಕೇಳಿ, ‘ಟಿಪ್ಪು ಕಟ್ಟಿಸಿದ್ದು’ ಎನ್ನುತ್ತಾರೆ. ಅದು ಅವರಿಗೆ ಹೇಗೆ ಗೊತ್ತು? ಟಿಪ್ಪುವಿಗಿಂತ ಮುಂಚೆ ಈ ಸೀಮೆಯನ್ನು ಆಳಿದ, ಆವತಿ ವಂಶದ ಪಾಳೇಗಾರರು ಇಂಥ ಬೆಟ್ಟವನ್ನು ಬರಿದೆ ಬಿಟ್ಟಿದ್ದರೇ? ಗೋಡೆಯ ಕಲ್ಲು ನೋಡಿ ಏನು ಹೇಳಬಹುದು, ಏನು ಹೇಳಲಾಗದು? ಇವು ಇತಿಹಾಸಕಾರರು ದಿನವೂ ಕೇಳಿಕೊಳ್ಳುವ ಪ್ರಶ್ನೆಗಳು. ಬೆಟ್ಟದ ಬುಡದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂರನೆಯಿಂದ ಐದನೆಯ ತರಗತಿವರೆಗೆ ಓದುವ ಮಕ್ಕಳು ಇವನ್ನು ಕೇಳಬಲ್ಲರೇ? ಆಧಾರ ಓದಿ, ತೂಗಿ ನೋಡಿ, ತಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಬಲ್ಲರೇ? ಅಥವಾ ಆ ವಯಸ್ಸಿಗೆ ರಾಜರ ಕಥೆ, ಇಸವಿ, ಬಿಟ್ಟ ಸ್ಥಳ ತುಂಬುವುದೇ ಸಾಕೇ?

ಈ ಚರ್ಚೆಗೆ ನೂರು ವರ್ಷ ದಾಟಿದೆ. ಹಲವು ದೇಶಗಳಲ್ಲಿ ಹಲವು ಬಗೆಯಲ್ಲಿ ನಡೆದ ಈ ಚರ್ಚೆಯನ್ನು ನಮ್ಮ ಜಿಲ್ಲೆಯ ನೆಲದ ಮೇಲೆ ನಿಂತು ನೋಡುವುದು ಈ ಲೇಖನದ ಕೆಲಸ.

ಪ್ರಶ್ನೆ ನಡೆದು ಬಂದ ದಾರಿ

ಮಕ್ಕಳಿಗೆ ಮೂಲ ಆಧಾರಗಳನ್ನೇ ಕೊಟ್ಟು ಕಲಿಸಬೇಕು ಎಂದು ಅಮೆರಿಕದಲ್ಲಿ ಮೇರಿ ಶೆಲ್ಡನ್ ಬಾರ್ನ್ಸ್ 1885ರಷ್ಟು ಹಿಂದೆಯೇ ಪಠ್ಯಪುಸ್ತಕ ಬರೆದರು. ಪಾಠದ ಜಾಗದಲ್ಲಿ ದಾಖಲೆಯ ತುಣುಕುಗಳು, ಅವುಗಳ ಕೆಳಗೆ ಪ್ರಶ್ನೆಗಳು. ಇಂಗ್ಲೆಂಡಿನಲ್ಲಿ ಎಂ. ಡಬ್ಲ್ಯು. ಕೀಟಿಂಗ್ 1910ರಲ್ಲಿ ಹೆಚ್ಚುಕಡಿಮೆ ಇದನ್ನೇ ಪ್ರತಿಪಾದಿಸಿದರು. ಎರಡೂ ಪ್ರಯತ್ನಗಳು ಶಾಲೆಗಳಲ್ಲಿ ಗಟ್ಟಿಯಾಗಿ ನೆಲೆ ನಿಲ್ಲಲಿಲ್ಲ. ಪರೀಕ್ಷೆ ಕೇಳುತ್ತಿದ್ದದ್ದು ಇಸವಿ ಮತ್ತು ಹೆಸರು. ಶಿಕ್ಷಕರೂ ಅದನ್ನೇ ಕೊಟ್ಟರು.

ಅದೇ ಕಾಲಕ್ಕೆ ನಮ್ಮಲ್ಲಿ ಬೇರೊಂದು ಕೆಲಸ ನಡೆದಿತ್ತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ 1905ರಲ್ಲಿ ಹೊರಬಂತು. ಅದು ಕೋಲಾರ ಜಿಲ್ಲೆಯ ಶಾಸನಗಳದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಸನಗಳೆಲ್ಲ ಆ ಸಂಪುಟದಲ್ಲೇ ಸೇರಿವೆ. ಅಂದರೆ ಈ ಸೀಮೆಯ ಮಕ್ಕಳ ಊರಿನ ಆಧಾರಗಳು ಅಚ್ಚಾಗಿ ನೂರಿಪ್ಪತ್ತು ವರ್ಷ ಆಯಿತು. ಅವು ವಿದ್ವಾಂಸರ ಕಪಾಟಿನಲ್ಲಿ ಉಳಿದವು, ಶಾಲೆಯ ಕಪಾಟಿಗೆ ಇಳಿಯಲಿಲ್ಲ. ಇಷ್ಟು ಸಮೃದ್ಧ ಆಧಾರ ಇಟ್ಟುಕೊಂಡೂ ನಮ್ಮ ಮಕ್ಕಳು ಇತಿಹಾಸವನ್ನು ಗೈಡಿನಿಂದ ಕಲಿಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸ್ವಾತಂತ್ರ್ಯಾನಂತರ ಭಾರತದಲ್ಲಿ ಈ ದಿಕ್ಕಿನ ಗಂಭೀರ ಪ್ರಯೋಗ ನಡೆದದ್ದು ಮಧ್ಯಪ್ರದೇಶದಲ್ಲಿ. ‘ಏಕಲವ್ಯ’ ಸಂಸ್ಥೆ 1980ರ ದಶಕದಲ್ಲಿ ಸರ್ಕಾರಿ ಮಾಧ್ಯಮಿಕ ಶಾಲೆಗಳಿಗಾಗಿ ಸಮಾಜ ವಿಜ್ಞಾನದ ಪುಸ್ತಕಗಳನ್ನು ಹೊಸದಾಗಿ ಕಟ್ಟಿತು. ಮುಂದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಬಿಡುಗಡೆಯ ಮಾತಾಡಿತು. ಆ ಬಳಿಕ ಎನ್‌ಸಿಇಆರ್‌ಟಿಯ ಆರನೇ ತರಗತಿಯ ಇತಿಹಾಸದಲ್ಲಿ ‘ನಮಗೆ ಇದು ಹೇಗೆ ಗೊತ್ತು’ ಎಂಬ ಪ್ರಶ್ನೆಗೂ ಜಾಗ ಸಿಕ್ಕಿತು. ಆದರೆ ಇವೆಲ್ಲ ಆರನೇ ತರಗತಿಯಿಂದ ಮೇಲಿನ ಮಾತು. ಅದಕ್ಕಿಂತ ಕೆಳಗೆ ಮಕ್ಕಳಿಗೆ ಇರುವುದು ಪರಿಸರ ಅಧ್ಯಯನ. ಅದರಲ್ಲಿ ಕುಟುಂಬ, ನೀರು, ಆಹಾರ, ಸಾರಿಗೆ ಎಲ್ಲ ಬರುತ್ತವೆ. ‘ಹಿಂದೆ ಹೇಗಿತ್ತು’ ಎಂಬುದು ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ.

ವಯಸ್ಸಾಗಲಿ ಎನ್ನುವವರು

ಮೊದಲ ಪಂಥ ಮನೋವಿಜ್ಞಾನದಿಂದ ಬಂದದ್ದು. ಕೈಗೆ ಸಿಗುವ ವಸ್ತುಗಳ ಬಗ್ಗೆ ಮಕ್ಕಳು ಬೇಗ ತರ್ಕಿಸುತ್ತಾರೆ, ಅಮೂರ್ತ ವಿಚಾರ ಹದಿಹರೆಯದ ಹೊತ್ತಿಗೆ ಬರುತ್ತದೆ ಎಂದು ಜಾನ್ ಪಿಯಾಜೆ ಹೇಳಿದ್ದರು. ಇದನ್ನು ಇತಿಹಾಸಕ್ಕೆ ಅನ್ವಯಿಸಿದ ರಾಯ್ ಹ್ಯಾಲಮ್ 1960ರ ದಶಕದಲ್ಲಿ ಇಂಗ್ಲೆಂಡಿನ ಮಕ್ಕಳನ್ನು ಪರೀಕ್ಷಿಸಿ, ಇತಿಹಾಸದಲ್ಲಿ ಪ್ರೌಢ ತರ್ಕ ಮೂಡುವುದು ಹದಿನಾರರ ಆಸುಪಾಸಿನಲ್ಲಿ ಎಂಬ ತೀರ್ಮಾನಕ್ಕೆ ಬಂದರು.

ಈ ಪಂಥ ವಿವರಿಸುವುದೇನು? ಕಾಲದ ಕಲ್ಪನೆ ಮಕ್ಕಳಿಗೆ ಕಷ್ಟ ಎಂಬ ನಿಜವನ್ನು. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಹಳೆಯ ಶಾಸನಗಳು ಒಂಬತ್ತನೇ ಶತಮಾನದ ಆರಂಭದವು, ನಂದಿಬೆಟ್ಟದ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ ಹಿಡಿದದ್ದು 1791ರಲ್ಲಿ. ಈ ಎರಡರ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ. ಮೂರನೇ ತರಗತಿಯ ಮಗುವಿಗೆ ಎರಡೂ ‘ಅಜ್ಜಿಯ ಅಜ್ಜಿಯ ಕಾಲ’. ಇದನ್ನು ಯಾವ ಶಿಕ್ಷಕರೂ ಅಲ್ಲಗಳೆಯಲಾರರು.

ಆದರೆ ಹ್ಯಾಲಮ್ ಅವರ ಪರೀಕ್ಷೆಯಲ್ಲೇ ದೊಡ್ಡ ತೊಡಕಿತ್ತು. ಮಕ್ಕಳಿಗೆ ಆ ವಿಷಯವನ್ನು ಬೇರೆ ರೀತಿಯಲ್ಲಿ ಕಲಿಸಿದ್ದರೆ ಏನಾಗುತ್ತಿತ್ತು ಎಂದು ಅದು ನೋಡಲಿಲ್ಲ. ಕಲಿಸದಿರುವುದನ್ನು ಕೇಳಿ, ಬರಲಿಲ್ಲ ಎಂದರೆ ತಪ್ಪು ಯಾರದು? ಯಾವ ವಿಷಯವನ್ನಾದರೂ ಅದರ ಪ್ರಾಮಾಣಿಕ ರೂಪದಲ್ಲೇ ಯಾವ ವಯಸ್ಸಿನ ಮಗುವಿಗೂ ಕಲಿಸಬಹುದು ಎಂದು ಜೆರೋಮ್ ಬ್ರೂನರ್ 1960ರಲ್ಲಿ ವಾದಿಸಿದ್ದರು. 1970ರ ದಶಕದಿಂದ ಇಂಗ್ಲೆಂಡಿನ ಶಾಲೆಗಳು ಆ ದಾರಿ ಹಿಡಿದವು.

ಮೊದಲು ಕಥೆ ಎನ್ನುವವರು

ಎರಡನೆಯವರ ಮಾತು ಕನ್ನಡಿಗರಿಗೆ ಚೆನ್ನಾಗಿ ಪರಿಚಿತ. ಮಗು ಜಗತ್ತನ್ನು ಕಥೆಯ ಮೂಲಕ ಹಿಡಿಯುತ್ತದೆ, ಧೈರ್ಯ–ಭಯ, ನ್ಯಾಯ–ಅನ್ಯಾಯ ಇಂಥ ದೊಡ್ಡ ಎದುರುಬದುರುಗಳು ಅದಕ್ಕೆ ಅರ್ಥವಾಗುತ್ತವೆ, ಹಾಗಾಗಿ ಇತಿಹಾಸವನ್ನು ಕಥೆಯಾಗಿ ಕೊಡಿ ಎಂದು ಕೆನಡಾದ ಕೀರನ್ ಈಗನ್ ಬರೆದರು. ನಮ್ಮಲ್ಲಿ ಯಾರೂ ಈಗನ್‌ರನ್ನು ಓದಿ ಇದನ್ನು ಮಾಡಲಿಲ್ಲ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ-ಭಾರತಿ’ ಮಾಲೆಯ ಐನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಎರಡು ತಲೆಮಾರಿನ ಮಕ್ಕಳ ಕೈಯಲ್ಲಿ ಸವೆದವು. ಮಹಾಪುರುಷರ ಜೀವನವನ್ನು ಇಷ್ಟು ಅಗ್ಗವಾಗಿ, ಇಷ್ಟು ಸರಳ ಕನ್ನಡದಲ್ಲಿ ಕೊಟ್ಟ ಕೆಲಸ ಸಣ್ಣದಲ್ಲ.

ಕಥೆಯ ಪಂಥದ ಬಲ ಇಲ್ಲಿದೆ: ಆಸೆ ಹುಟ್ಟಿಸದೆ ಯಾವ ಮಗುವೂ ಆಧಾರದ ಹಾಳೆಯನ್ನು ಎರಡನೇ ಸಲ ನೋಡುವುದಿಲ್ಲ. ಅದರ ಕೊರತೆ ಇರುವುದು ಕಥೆಗೂ ಇತಿಹಾಸಕ್ಕೂ ನಡುವಿನ ಗೆರೆಯಲ್ಲಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಎಂಬ ಪ್ರತೀತಿ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರ ನೆಟ್ಟ ಅಶ್ವತ್ಥ ಮರದ ಕಥೆ ಇದೆ. ಅದೇ ವಿದುರಾಶ್ವತ್ಥದಲ್ಲಿ 1938ರಲ್ಲಿ ಗೋಲಿಬಾರ್ ನಡೆದ ಸಂಗತಿಯೂ ಇದೆ. ಮೂರನ್ನೂ ಒಂದೇ ದನಿಯಲ್ಲಿ ಹೇಳಿದರೆ ಮಗು ಮೂರನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಐತಿಹ್ಯವನ್ನು ಹೀಗಳೆಯಬೇಕಾಗಿಲ್ಲ, ಜನ ಇದನ್ನು ಯಾಕೆ ನೆನಪಿಟ್ಟುಕೊಂಡಿದ್ದಾರೆ, ಇದು ಯಾರ ಬಾಯಿಂದ ನಮಗೆ ಬಂತು ಎಂದು ಕೇಳಬಹುದು. ಮಕ್ಕಳ ನಂಬಿಕೆಗೆ ನೋವಾಗದ ಹಾಗೆ ಈ ಪ್ರಶ್ನೆ ಕೇಳುವ ಶಿಕ್ಷಕರು ಸಿಗುತ್ತಾರೆ. ಕೇಳದೆ ಬಿಡುವವರೇ ಹೆಚ್ಚು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದ ಡಾ. ಎಚ್. ನರಸಿಂಹಯ್ಯನವರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಎಂಬುದು ನೆನಪಿರಲಿ.

ಆಧಾರವನ್ನು ಕೈಗೆ ಕೊಡಿ ಎನ್ನುವವರು

ಮೂರನೇ ಪಂಥಕ್ಕೆ ಈಗ ಜಗತ್ತಿನಲ್ಲಿ ಹೆಚ್ಚು ಮಾನ್ಯತೆ. ಇದರ ಬೀಜ ಎರಡು ಕಡೆ ಬಿತ್ತು. 1991ರಲ್ಲಿ ಅಮೆರಿಕದ ಸ್ಯಾಮ್ ವೈನ್‌ಬರ್ಗ್ ಇತಿಹಾಸಕಾರರಿಗೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಒಂದೇ ದಾಖಲೆಗಳನ್ನು ಕೊಟ್ಟು, ಯೋಚಿಸಿದ್ದನ್ನು ಗಟ್ಟಿಯಾಗಿ ಹೇಳುತ್ತ ಓದಿ ಎಂದರು. ಇತಿಹಾಸಕಾರರು ಮೊದಲು ನೋಡಿದ್ದು ಬರೆದವರು ಯಾರು, ಯಾವಾಗ ಬರೆದರು ಎಂಬುದನ್ನು. ಆಮೇಲೆ ಒಂದನ್ನೊಂದು ಹೋಲಿಸಿದರು. ವಿದ್ಯಾರ್ಥಿಗಳು ಪಠ್ಯಪುಸ್ತಕವನ್ನು ಓದುವ ಹಾಗೆ ಮೇಲಿನಿಂದ ಕೆಳಗೆ ಓದಿ ಮುಗಿಸಿದರು. ಇತ್ತ ಇಂಗ್ಲೆಂಡಿನಲ್ಲಿ ಪೀಟರ್ ಲೀ, ರೋಸಲಿನ್ ಆಶ್ಬಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಏಳರಿಂದ ಹದಿನಾಲ್ಕು ವರ್ಷದ ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದರು. ಒಂದೇ ಘಟನೆಗೆ ಎರಡು ವಿವರಣೆ ಯಾಕಿದೆ ಎಂದು ಕೇಳಿದಾಗ ಕೆಲವು ಎಂಟು ವರ್ಷದವರು ಹದಿಮೂರು ಹದಿನಾಲ್ಕರವರಿಗಿಂತ ಪಕ್ವವಾಗಿ ಉತ್ತರಿಸಿದರು. ವಯಸ್ಸೊಂದೇ ಬೇಲಿ ಎಂಬ ಮಾತಿಗೆ ಬಿದ್ದ ದೊಡ್ಡ ಪೆಟ್ಟು ಇದು.

ಮೇರಿಲ್ಯಾಂಡಿನಲ್ಲಿ ಬ್ರೂಸ್ ವ್ಯಾನ್‌ಸ್ಲೆಡ್‌ರೈಟ್ ಎಂಬ ಪ್ರಾಧ್ಯಾಪಕರು ತಾವೇ ಐದನೇ ತರಗತಿಗೆ ಪಾಠ ಮಾಡಿ, ಜೇಮ್ಸ್‌ಟೌನ್ ವಸಾಹತಿನ 1609–10ರ ಹಸಿವಿನ ಕಾಲದ ದಾಖಲೆಗಳನ್ನು ಮಕ್ಕಳ ಮುಂದಿಟ್ಟರು. ಆ ಅನುಭವದ ಪುಸ್ತಕ 2002ರಲ್ಲಿ ಬಂತು. ಮಕ್ಕಳು ಪತ್ತೇದಾರರಂತೆ ದುಡಿದರು. ಜೊತೆಗೆ, ದಾಖಲೆಗಳು ಒಂದಕ್ಕೊಂದು ಒಪ್ಪದಿದ್ದಾಗ ಕೆಲವರು ಕಂಗಾಲಾದರು; ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂಬಲ್ಲಿಗೆ ಯೋಚನೆ ನಿಂತುಬಿಡುವ ಅಪಾಯವೂ ಕಂಡಿತು. ಈ ಪ್ರಾಮಾಣಿಕ ವರದಿ ನನಗೆ ಯಶಸ್ಸಿನ ವರದಿಗಿಂತ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದು ಹೇಗೆ ಕಾಣಬಹುದು? ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಯಾವ ವರ್ಷ? ಬಹುತೇಕ ಪುಸ್ತಕಗಳಲ್ಲಿ 1861, ಸೆಪ್ಟೆಂಬರ್ 15 ಎಂದಿದೆ. ಕೆಲವು ಕಡೆ 1860 ಎಂದಿದೆ. ಅವರ ಜನ್ಮಶತಮಾನೋತ್ಸವಕ್ಕೆ ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿದ್ದು 1960ರ ಸೆಪ್ಟೆಂಬರ್ 15ರಂದು. ಅವರು ಆಗ ಬದುಕಿದ್ದರು, ತೀರಿಕೊಂಡದ್ದು 1962ರಲ್ಲಿ. ಈ ಮೂರು ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ನಾಲ್ಕನೇ ತರಗತಿಯನ್ನು ಮಾತಾಡಲು ಬಿಡಿ. 1960ರಲ್ಲಿ ನೂರು ತುಂಬಿದ್ದರೆ ಹುಟ್ಟಿದ್ದು 1860 ಆಗಬೇಕು ಎಂದು ಒಂದು ಮಗು ಕಳೆದು ಹೇಳುತ್ತದೆ. 1861ರಲ್ಲಿ ಹುಟ್ಟಿದ್ದರೆ ಆ ದಿನ ತೊಂಬತ್ತೊಂಬತ್ತು ತುಂಬಿ ನೂರಕ್ಕೆ ಕಾಲಿಟ್ಟ ಹಾಗಾಯಿತಲ್ಲ, ನಮ್ಮ ಮನೆಯಲ್ಲೂ ಕಾಲಿಟ್ಟ ವರ್ಷವನ್ನೇ ಎಣಿಸುತ್ತಾರೆ ಎಂದು ಇನ್ನೊಂದು ಮಗು ಹೇಳಬಹುದು. ಇಲ್ಲಿ ಬೇಕಾದ ಗಣಿತ ಬರೀ ಕಳೆಯುವ ಲೆಕ್ಕ. ಮಗು ಮಾಡುತ್ತಿರುವುದು ಮಾತ್ರ ನಿಜವಾದ ಇತಿಹಾಸದ ಕೆಲಸ: ಎರಡು ಆಧಾರ ಹೊಂದದಿದ್ದಾಗ, ಯಾರನ್ನೂ ಸುಳ್ಳುಗಾರ ಎನ್ನದೆ, ವ್ಯತ್ಯಾಸಕ್ಕೆ ಕಾರಣ ಹುಡುಕುವುದು.

ಅಕ್ಷರವೇ ಇಲ್ಲದ ಆಧಾರಗಳೂ ಇವೆ. ಈ ಸೀಮೆಯ ಊರುಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ; ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ದನಗಳಿದ್ದರೆ ಜಗಳ ಯಾವುದಕ್ಕೆ ಎಂದು ಮಕ್ಕಳೇ ಹೇಳುತ್ತಾರೆ. ಕೈಯಲ್ಲಿ ಬಿಲ್ಲಿದೆಯೋ ಕತ್ತಿಯೋ, ಎದುರಿಗೆ ಎಷ್ಟು ಜನ, ಕಲ್ಲು ನಿಲ್ಲಿಸಿದವರು ಏನನ್ನು ಮರೆಯಬಾರದು ಎಂದುಕೊಂಡಿದ್ದರು — ಇಷ್ಟು ಪ್ರಶ್ನೆಗೆ ಶಾಲೆಯಿಂದ ಹೊರಗೆ ನಡೆದು ಹೋಗಿ ಬರುವ ಒಂದು ಮಧ್ಯಾಹ್ನ ಸಾಕು.

ತಿಳಿವಳಿಕೆ ಮೊದಲು ಎನ್ನುವವರು

ಅಮೆರಿಕದ ಇ. ಡಿ. ಹರ್ಷ್ ಮತ್ತು ಅವರ ಹಾದಿಯವರು ಆಧಾರವನ್ನು ಕೈಗೆ ಕೊಡುವ ಈ ಪಂಥಕ್ಕೆ ಆಕ್ಷೇಪ ಎತ್ತುತ್ತಾರೆ. ವಿಷಯದ ಜ್ಞಾನವಿಲ್ಲದೆ ವಿಮರ್ಶೆ ಟೊಳ್ಳು. ಪಾಳೇಗಾರ ಎಂದರೆ ಯಾರು ಎಂದೇ ತಿಳಿಯದ ಮಗು ಕೋಟೆ ಯಾರದೆಂದು ಹೇಗೆ ವಾದಿಸೀತು ಎಂಬುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಒಂದು ದಾಖಲೆಯ ತುಣುಕನ್ನು ಹಿಂದುಮುಂದಿಲ್ಲದೆ ಕೊಟ್ಟು ‘ಏನನ್ನಿಸುತ್ತದೆ’ ಎಂದು ಕೇಳುವ ಪಾಠಗಳು ಬೇಕಾದಷ್ಟಿವೆ, ಅವುಗಳಿಂದ ಏನೂ ಹುಟ್ಟುವುದಿಲ್ಲ. ಆದರೆ ತಿಳಿವಳಿಕೆಯನ್ನೆಲ್ಲ ಮೊದಲು ತುಂಬಿ ಆಮೇಲೆ ವಿಚಾರಕ್ಕೆ ಬರೋಣ ಎಂದವರು ವಿಚಾರದವರೆಗೆ ಬಂದದ್ದನ್ನು ನಾನು ಕಂಡದ್ದು ಕಡಿಮೆ.

ನಾಗರಿಕತ್ವದ ಮಾತು ಮತ್ತು ವಿದುರಾಶ್ವತ್ಥದ ಲೆಕ್ಕ

ಕೀತ್ ಬಾರ್ಟನ್ ಮತ್ತು ಲಿಂಡಾ ಲೆವ್‌ಸ್ಟಿಕ್ 2004ರ ತಮ್ಮ ಪುಸ್ತಕದಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಮಕ್ಕಳನ್ನು ಪುಟಾಣಿ ಇತಿಹಾಸಕಾರರನ್ನಾಗಿ ಮಾಡುವುದು ಯಾರಿಗೆ ಬೇಕು? ಭಿನ್ನ ಅಭಿಪ್ರಾಯದವರ ಜೊತೆ ಕೂತು ಒಟ್ಟಿಗೆ ತೀರ್ಮಾನಕ್ಕೆ ಬರಬಲ್ಲ ಪ್ರಜೆಗಳು ಬೇಕು. ಇತಿಹಾಸ ಅದಕ್ಕೆ ಕಸರತ್ತು ಆಗಲಿ ಎಂದರು.

ಈ ಮಾತಿನ ತೂಕ ವಿದುರಾಶ್ವತ್ಥದಲ್ಲಿ ಗೊತ್ತಾಗುತ್ತದೆ. 1938ರ ಏಪ್ರಿಲ್ 25ರಂದು ಉತ್ತರ ಪಿನಾಕಿನಿಯ ದಡದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂಬುದು ಸ್ಥಳೀಯವಾಗಿ ನೆಲೆಯಾದ ಲೆಕ್ಕ; 35 ಎನ್ನುವವರೂ ಇದ್ದಾರೆ; ಸರ್ಕಾರ ಆಗ ಹೇಳಿದ್ದು ಇದಕ್ಕಿಂತ ಬಹಳ ಕಡಿಮೆ. ಸಂಸ್ಥಾನ ವಿಚಾರಣಾ ಸಮಿತಿ ನೇಮಿಸಿತು, ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ದಾರಿಯಾಯಿತು. ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಆ ಊರಿಗೆ ಅಂಟಿತು.

ಇಲ್ಲಿ ಮಗುವಿಗೆ ಕೇಳಬೇಕಾದ ಪ್ರಶ್ನೆ ಸರಳ: ಸತ್ತವರ ಲೆಕ್ಕ ಒಬ್ಬೊಬ್ಬರದ್ದು ಒಂದೊಂದು ಯಾಕೆ? ಗುಂಡು ಹಾರಿಸಿದ ಸರ್ಕಾರ ಎಣಿಸುವುದಕ್ಕೂ, ಮನೆಯವರನ್ನು ಕಳೆದುಕೊಂಡ ಊರಿನವರು ಎಣಿಸುವುದಕ್ಕೂ ವ್ಯತ್ಯಾಸ ಹೇಗೆ ಬರುತ್ತದೆ? ಮನೆಗೆ ಹೊತ್ತೊಯ್ದ ಮೇಲೆ ತೀರಿಕೊಂಡವರನ್ನು ಯಾರು ಎಣಿಸಿದರು? ಇದನ್ನು ಐದನೇ ತರಗತಿಯಲ್ಲಿ ಕೇಳಬಹುದೆಂದು ನಾನು ನಂಬುತ್ತೇನೆ. ಮೂರನೇ ತರಗತಿಯಲ್ಲಿ ಬೇಡ. ಸಾವಿನ ಎಣಿಕೆ ಅಷ್ಟು ಎಳೆಯ ಮಕ್ಕಳಿಗೆ ಭಾರ.

ಕರ್ನಾಟಕದಲ್ಲಿ ಪಠ್ಯಪುಸ್ತಕದ ಜಗಳ ಸರ್ಕಾರ ಬದಲಾದಾಗಲೆಲ್ಲ ಏಳುತ್ತದೆ. 2022ರ ಪರಿಷ್ಕರಣೆ, 2023ರಲ್ಲಿ ಅದರ ಮರುಪರಿಷ್ಕರಣೆ ಎಲ್ಲರ ನೆನಪಿನಲ್ಲಿವೆ. ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂದು ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಇದ್ದ ಪಾಠವನ್ನು ಮಗು ಪರೀಕ್ಷಿಸಿ ಓದಲು ಕಲಿಯುತ್ತದೆಯೇ ಎಂದು ಕೇಳಿದವರು ಬಹಳ ಕಡಿಮೆ. ಟಿಪ್ಪುವಿನ ಪಾಠ ಎಷ್ಟು ಪುಟ ಇರಬೇಕೆಂಬ ಚರ್ಚೆಗಿಂತ ಸ್ಕಂದಗಿರಿಯ ಗೋಡೆಯ ಬಗ್ಗೆ ‘ಹೇಗೆ ಗೊತ್ತು’ ಎಂದು ಕೇಳುವ ಹತ್ತು ಮಕ್ಕಳು ನಾಡಿಗೆ ಹೆಚ್ಚು ಒಳ್ಳೆಯದು ಮಾಡುತ್ತಾರೆ.

ಬರೆಯುವುದರಲ್ಲಿ ಏನಿದೆ

ಓದುವುದಕ್ಕೂ ಯೋಚಿಸುವುದಕ್ಕೂ ನಡುವಿನ ಸೇತುವೆ ಬರವಣಿಗೆ ಎಂಬುದರಲ್ಲಿ ಪಂಥಗಳ ನಡುವೆ ದೊಡ್ಡ ಜಗಳವಿಲ್ಲ. ಎಂಥ ಬರವಣಿಗೆ ಎಂಬುದರಲ್ಲಿದೆ. ನಮ್ಮ ಶಾಲೆಗಳಲ್ಲಿ ಇತಿಹಾಸದ ಬರವಣಿಗೆ ಎಂದರೆ ಹಲಗೆಯ ಮೇಲಿನ ಉತ್ತರವನ್ನು ನೋಟ್‌ಬುಕ್ಕಿಗೆ ಇಳಿಸುವುದು. ಯೋಜನಾ ಕಾರ್ಯ ಎಂದರೆ ಸ್ಟೇಷನರಿ ಅಂಗಡಿಯ ಚಿತ್ರಪಟ ಕತ್ತರಿಸಿ ಅಂಟಿಸುವುದು. ಮಗುವಿನದೇ ಒಂದು ವಾಕ್ಯ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಣ್ಣ ಮಕ್ಕಳಿಗೆ ವಾಕ್ಯದ ಊರುಗೋಲು ಕೊಡಬೇಕು ಎನ್ನುವುದು ಒಂದು ವಾದ. ‘ನನಗೆ ಹೀಗನ್ನಿಸುತ್ತದೆ’, ‘ಯಾಕೆಂದರೆ ಈ ಕಲ್ಲಿನಲ್ಲಿ ಹೀಗಿದೆ’, ‘ಆದರೆ ಇದು ಗೊತ್ತಾಗಲಿಲ್ಲ’ — ಈ ಮೂರು ಮೆಟ್ಟಿಲು. ಮೂರನೆಯದು ಬಹಳ ಮುಖ್ಯ. ಗೊತ್ತಾಗಲಿಲ್ಲ ಎಂದು ಬರೆದರೆ ಅಂಕ ಹೋಗುವುದಿಲ್ಲ ಎಂದು ತಿಳಿದ ಮಗು ಮಾತ್ರ ಆಧಾರವನ್ನು ಮೀರಿ ಮಾತಾಡುವುದಿಲ್ಲ. ಊರುಗೋಲು ಕೊಟ್ಟರೆ ಎಲ್ಲ ಮಕ್ಕಳೂ ಒಂದೇ ಥರ ಬರೆಯುತ್ತಾರೆ ಎಂಬುದು ಎದುರುವಾದ. ಅದೂ ಸುಳ್ಳಲ್ಲ. ಊರುಗೋಲನ್ನು ಯಾವಾಗ ಕೈಬಿಡಿಸಬೇಕು ಎಂಬುದು ಶಿಕ್ಷಕರ ಕಣ್ಣಳತೆಗೆ ಬಿಟ್ಟ ಮಾತು.

ಮನೆಯ ಹಿರಿಯರನ್ನು ಕೇಳಿ ಬರೆಯುವುದು ಇನ್ನೊಂದು ದಾರಿ. ಶಿಡ್ಲಘಟ್ಟದ ಮಗುವಿಗೆ ರೇಷ್ಮೆಯೇ ಇತಿಹಾಸ. ಅಜ್ಜಿಯ ಕಾಲದಲ್ಲಿ ಹುಳುಮನೆ ಹೇಗಿತ್ತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ ಬಂದದ್ದು ಯಾವಾಗ, ಗೂಡಿನ ಮಾರುಕಟ್ಟೆಯಲ್ಲಿ ಕೂಗಿ ಹರಾಜು ಮಾಡುತ್ತಿದ್ದಾಗ ರೀಲರ್‌ಗಳು ಬೆಲೆ ಹೇಗೆ ಕಟ್ಟುತ್ತಿದ್ದರು, ಮನೆಯ ತೆರೆದ ಬಾವಿಯಲ್ಲಿ ನೀರು ಎಷ್ಟು ಆಳಕ್ಕಿತ್ತು. ಅಜ್ಜಿ ಒಂದು ಹೇಳುತ್ತಾರೆ, ಪಕ್ಕದ ಮನೆಯ ತಾತ ಬೇರೆ ಹೇಳುತ್ತಾರೆ. ಅಲ್ಲಿಂದಲೇ ಪಾಠ ಶುರು.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಭಾಷೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿಯಲ್ಲಿ ಉರ್ದು ಮನೆಗಳೂ ಬಹಳ. ಅಜ್ಜಿ ತೆಲುಗಿನಲ್ಲಿ ಹೇಳಿದ್ದನ್ನು ಮಗು ಕನ್ನಡದಲ್ಲಿ ಬರೆಯುವಾಗ ಸಾಕ್ಷ್ಯ ಎಷ್ಟು ಉಳಿಯುತ್ತದೆ? ಹೊರದೇಶದ ಅಧ್ಯಯನಗಳ ಬಹುಪಾಲು ಶಾಲೆಯ ಭಾಷೆಯಲ್ಲೇ ಆಧಾರ ಓದುವ ಮಕ್ಕಳ ಮೇಲೆ ನಡೆದವು. ನಮ್ಮ ಈ ಪ್ರಶ್ನೆಗೆ ಅವು ಹೆಚ್ಚು ನೆರವಾಗುವುದಿಲ್ಲ.

ಎರಡನೆಯದು ಸರಳಗೊಳಿಸುವ ಪ್ರಶ್ನೆ. ಹಳಗನ್ನಡದ ಶಾಸನವನ್ನು ಮಗು ಓದಲಾರದು. ಹೊಸಗನ್ನಡಕ್ಕೆ ತಂದು, ಕತ್ತರಿಸಿ, ನಾಲ್ಕು ಸಾಲು ಮಾಡಿ ಕೊಟ್ಟರೆ ಅದು ಇನ್ನೂ ಶಾಸನವೇ, ಅಥವಾ ಪಠ್ಯಪುಸ್ತಕವೇ? ಸ್ಯಾಮ್ ವೈನ್‌ಬರ್ಗ್ ಸ್ವತಃ 2009ರಲ್ಲಿ ದಾಖಲೆಗಳನ್ನು ಮಕ್ಕಳಿಗಾಗಿ ತಿದ್ದಿ ಸರಳ ಮಾಡಬೇಕು ಎಂಬ ವಾದದ ಪರವಾಗಿ ಬರೆದರು. ಮೂಲದ ಫೋಟೋ ಒಂದು ಕಡೆ, ಸರಳ ಕನ್ನಡ ಇನ್ನೊಂದು ಕಡೆ ಇಟ್ಟರೆ ಒಪ್ಪಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಕತ್ತರಿಸುವವರು ಏನನ್ನು ಬಿಟ್ಟರು ಎಂದು ಮಗುವಿಗೆ ಹೇಗೆ ತಿಳಿಯಬೇಕು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ.

ಮೂರನೆಯದು ಓದುವ ಶಕ್ತಿಯೇ. ಐದನೇ ತರಗತಿಯ ಬಹಳಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಗಳು ಮತ್ತೆ ಮತ್ತೆ ಹೇಳಿವೆ. ಮೊದಲು ಓದು ಕಲಿಸಿ, ಆಮೇಲೆ ಆಧಾರ ಎನ್ನುವವರಿದ್ದಾರೆ. ಕುತೂಹಲದ ವಸ್ತು ಕೊಟ್ಟರೆ ಓದು ತಾನೇ ಬರುತ್ತದೆ ಎನ್ನುವವರೂ ಇದ್ದಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಓದು ಕಲಿಸುವ ಕ್ರಮ ನಲಿ-ಕಲಿ; 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಅದು ತನ್ನ ಮಾದರಿಯನ್ನು ಪಡೆದದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಿಂದ, ಅಂದರೆ ಚಿಂತಾಮಣಿಯಿಂದ ಗಡಿಯಾಚೆಗೆ ಹೆಚ್ಚು ದೂರವಲ್ಲದ ಜಾಗದಿಂದ. ಅದರ ಕಲಿಕಾ ಕಾರ್ಡುಗಳಲ್ಲಿ ಊರಿನ ಆಧಾರಗಳಿಗೆ ಜಾಗ ಮಾಡಬಹುದೇ ಎಂಬುದು ತೆರೆದ ಪ್ರಶ್ನೆ.

ನಾಲ್ಕನೆಯದು ಅಳೆಯುವುದು. ‘ಗೊತ್ತಾಗಲಿಲ್ಲ’ ಎಂದು ಸರಿಯಾಗಿ ಬರೆದ ಮಗುವಿಗೆ ಎಷ್ಟು ಅಂಕ? ಒಂದು ವರ್ಷ ಹೀಗೆ ಕಲಿತ ಮಗು ಎಂಟನೇ ತರಗತಿಗೆ ಹೋದಾಗ ಏನನ್ನು ಉಳಿಸಿಕೊಂಡಿರುತ್ತದೆ? ಕನ್ನಡ ಶಾಲೆಗಳಿಂದ ಇದಕ್ಕೆ ಉತ್ತರ ಬರಬೇಕಾದರೆ ಮೊದಲು ಮಕ್ಕಳು ಬರೆದ ಹಾಳೆಗಳು ಬೇಕು. ಈಗ ಅವು ವರ್ಷಾಂತ್ಯಕ್ಕೆ ರದ್ದಿಗೆ ಹೋಗುತ್ತವೆ. ಈ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ನನ್ನ ವಿನಂತಿ: ನಿಮ್ಮ ಊರಿನ ಒಂದು ವೀರಗಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, ಅವರು ಬರೆದದ್ದನ್ನು ತಿದ್ದದೆ ದಿನಾಂಕ ಹಾಕಿ ಎತ್ತಿಡಿ, ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಅದನ್ನೇ ತನ್ನಿ.